ಬೀಗದ ಕೈ ಯಾರ ಹತ್ತಿರ?

ಊರಿಗೊಂದು ವೆಬ್‌ಸೈಟ್ ಮಾಡೋಣ ಎಂದು ನಾಲ್ಕು ಜನ ಕೂಡಿದರೆ ಮೊದಲ ಜಗಳ ಬಣ್ಣದ ಮೇಲೆ ಹುಟ್ಟುತ್ತದೆ. ಒಬ್ಬರಿಗೆ ಕಪ್ಪು ಹಿನ್ನೆಲೆ ಬೇಕು, ಇನ್ನೊಬ್ಬರಿಗೆ ನೀಲಿ ಬೇಕು, ಹಿರಿಯರಿಗೆ ಮೇಲ್ಗಡೆ ಗುಡಿಯ ಚಿತ್ರ ಇರಲೇಬೇಕು. ರೋಣ ತಾಲ್ಲೂಕಿನ ನಮ್ಮ ಸವಡಿಯಲ್ಲೂ ಹಾಗೇ ಆಯಿತು. ಶಾಲೆಯ ಕೋಣೆಯಲ್ಲಿ ಕೂತಿದ್ದ ಹದಿನೈದು ಜನರಲ್ಲಿ ಬಣ್ಣದ ಬಗ್ಗೆ ಮಾತಾಡದವರು ಯಾರೂ ಇರಲಿಲ್ಲ.

ಮಕ್ಕಳೇ, ಬಣ್ಣವನ್ನು ನಾಳೆ ಒಂದು ಗುಂಡಿ ಒತ್ತಿ ಬದಲಿಸಬಹುದು. ಅದರ ಕೆಳಗಿನ ಅಡಿಪಾಯ ಬದಲಿಸುವುದೆಂದರೆ ಮನೆ ಕೆಡವಿ ಮತ್ತೆ ಕಟ್ಟಿದಂತೆ. ವೆಬ್‌ಸೈಟಿನ ಆ ಅಡಿಪಾಯಕ್ಕೆ ಸಿಎಂಎಸ್ ಎಂದು ಹೆಸರು. ಕನ್ನಡದಲ್ಲಿ ವಿಷಯ ನಿರ್ವಹಣಾ ವ್ಯವಸ್ಥೆ ಎನ್ನುತ್ತಾರೆ. ಅದನ್ನು ಆರಿಸುವುದು ಹೇಗೆ ಎಂಬುದು ಈ ವಾರದ ಮಾತು. ಅಜ್ಜ-ಅಜ್ಜಿಯಂದಿರೇ, ‘ಇದು ನಮಗೆ ಸಂಬಂಧಪಟ್ಟಿದ್ದಲ್ಲ’ ಎಂದು ಪುಟ ತಿರುವಬೇಡಿ. ಅಂದು ಅಲ್ಲಿ ಎಲ್ಲರಿಗಿಂತ ಗಟ್ಟಿ ಪ್ರಶ್ನೆ ಕೇಳಿದವರು ಎಂಬತ್ತು ದಾಟಿದ ಒಬ್ಬ ಅಜ್ಜಿ.

ಅಜ್ಜಿಯ ಪ್ರಶ್ನೆ

ಸವಡಿಯಲ್ಲಿ ಕೂಡಿಡಬೇಕಾದದ್ದು ಬಹಳ ಇದೆ. ಹಳೆಯ ಕಲ್ಲಿನ ಗುಡಿ, ಶಾಸನದ ಕಲ್ಲು, ಕಣದಲ್ಲಿ ಎತ್ತು ಹಂತಿ ಕಟ್ಟಿ ತುಳಿಸುವಾಗ ಹಾಡುತ್ತಿದ್ದ ಹಂತಿ ಪದ, ಮದುವೆಯ ಸೋಬಾನ ಪದ, ಶಾಲೆಯ ಹಳೆಯ ಗುಂಪು ಫೋಟೊಗಳು, ಯಾವ ವರ್ಷ ಮಳೆ ಹೋಯಿತು, ಯಾವ ವರ್ಷ ಬಿಳಿಜೋಳ ಚಲೋ ಬಂತು ಎಂದು ರೈತರೊಬ್ಬರು ಬರೆದಿಟ್ಟ ನೋಟುಬುಕ್ಕು. ಹಂತಿ ಪದ ಪೂರ್ತಿ ಬರುವವರು ಈಗ ಬೆರಳೆಣಿಕೆಯಷ್ಟು. ಅವರಿರುವಾಗಲೇ ಧ್ವನಿ ಹಿಡಿದಿಡಬೇಕು ಎಂಬುದು ಶಾಲೆಯ ಮಕ್ಕಳ ಆಸೆ.

ಬಣ್ಣದ ಜಗಳ ನಡೆದಾಗ ಬಾಗಿಲ ಹತ್ತಿರ ಕೂತಿದ್ದ ಅಜ್ಜಿ ನನ್ನ ಕಡೆ ನೋಡಿ ಕೇಳಿದರು: “ತಮ್ಮಾ, ಹೋದ ಸಲ ಆ ಹುಡುಗ ನಮ್ಮ ಮನಿಯವರ ಫೋಟೊ ತಗೊಂಡು ಹೋಗಿ ಅದರಾಗ ಹಾಕಿದ್ನಲ್ಲ, ಅದೊಂದಿಷ್ಟು ತೋರಸು.”

ಕೋಣೆ ಸುಮ್ಮನಾಯಿತು.

ಕೆಲವು ವರ್ಷಗಳ ಹಿಂದೆ ಊರಿನ ಕಾಲೇಜು ಹುಡುಗನೊಬ್ಬ ಪುಕ್ಕಟೆ ಸಿಗುವ ಒಂದು ಸೇವೆಯ ಮೇಲೆ ಊರಿನ ತಾಣ ಕಟ್ಟಿದ್ದ. ಒಬ್ಬನೇ ರಾತ್ರಿ ಕೂತು ಮಾಡಿದ ಒಳ್ಳೆಯ ಕೆಲಸ ಅದು. ಆಮೇಲೆ ಅವನಿಗೆ ಬೆಂಗಳೂರಿನಲ್ಲಿ ನೌಕರಿ ಆಯಿತು, ಮೊಬೈಲ್ ನಂಬರ್ ಬದಲಾಯಿತು. ಪಾಸ್‌ವರ್ಡ್ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮುಂದೆ ಆ ಸೇವೆಯೇ ನಿಂತುಹೋಯಿತು. ‘ಇಷ್ಟು ದಿನದೊಳಗೆ ನಿಮ್ಮ ಸಾಮಾನು ತೆಗೆದುಕೊಳ್ಳಿ’ ಎಂದು ಬಂದ ಪತ್ರ, ಯಾರೂ ತೆರೆಯದ ಇಮೇಲಿಗೆ ಹೋಗಿತ್ತು. ಅಜ್ಜಿಯ ಯಜಮಾನರು ಮಾಸ್ತರರಾಗಿದ್ದವರು. ಮಕ್ಕಳ ನಡುವೆ ಅವರು ಕುರ್ಚಿಯ ಮೇಲೆ ಕೂತ ಆ ಫೋಟೊದ ಮೂಲಪ್ರತಿ ಟ್ರಂಕಿನಲ್ಲಿತ್ತು. ಒಂದು ಮಳೆಗಾಲ ಮನೆ ಸೋರಿ ಅದು ಗಾಜಿಗೆ ಅಂಟಿ ಹಾಳಾಯಿತು. ‘ಹೋಗಲಿ, ಕಂಪ್ಯೂಟರಿನಾಗ ಐತಲ್ಲ’ ಎಂದು ಅಜ್ಜಿ ಸಮಾಧಾನದಿಂದ ಇದ್ದರು.

ವಿಷಯ ತಿಳಿದ ಮೇಲೆ ಅವರು ಅಳಲಿಲ್ಲ, ಬೈಯಲೂ ಇಲ್ಲ. “ಹಂಗಾರ ಈ ಸಲದ್ದು ಹಂಗ ಆಗೂದಿಲ್ಲ ಅಂತ ಯಾರು ಹೇಳ್ತೀರಿ?” ಎಂದಷ್ಟೇ ಕೇಳಿದರು.

ಆ ಪ್ರಶ್ನೆ ಕೇಳಿದ ಮೇಲೆ ಬಣ್ಣದ ಮಾತು ಯಾರೂ ಎತ್ತಲಿಲ್ಲ. ಸಿಎಂಎಸ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ: ಕಟ್ಟಿದವನು ಊರು ಬಿಟ್ಟ ಮೇಲೆ ಇದನ್ನು ನಡೆಸುವವರು ಯಾರು? ಬಾಗಿಲು ಮುಚ್ಚುವ ದಿನ ಬಂದರೆ ನಮ್ಮ ಸಾಮಾನು ನಾವು ಹೊರಗೆ ತರಬಹುದೇ?

ಅಚ್ಚಿನ ಮನೆಯ ಲೆಕ್ಕ

ಮೊದಲು ಸಿಎಂಎಸ್ ಎಂದರೆ ಏನು ಎಂದು ನೋಡಿಬಿಡೋಣ. ನಮ್ಮ ಗದಗ ಮುದ್ರಣಕ್ಕೆ ಹೆಸರಾದ ಊರು. ನಾನು ಕೆಲಸ ಕಲಿತದ್ದೂ ಅಲ್ಲಿಯ ಒಂದು ಪ್ರೆಸ್ಸಿನಲ್ಲಿ, ಸೀಸದ ಮೊಳೆ ಜೋಡಿಸುತ್ತ. ಲಗ್ನಪತ್ರಿಕೆ ಅಚ್ಚು ಹಾಕಿಸಲು ಬಂದವರು ಅಂಚಿನ ಹೂಬಳ್ಳಿ, ಮೇಲಿನ ಗಣಪತಿ, ಸಾಲುಗಳ ಅಳತೆ ಇವನ್ನೆಲ್ಲ ತರುತ್ತಿರಲಿಲ್ಲ. ವರ, ವಧು, ಮುಹೂರ್ತ, ಸ್ಥಳ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ತರುತ್ತಿದ್ದರು. ಚೌಕಟ್ಟು ಪ್ರೆಸ್ಸಿನದು, ಮಾತು ಅವರದು. ಚೌಕಟ್ಟು ಅದೇ ಇರುತ್ತಿತ್ತು, ಹೆಸರು ಬದಲಾದರೆ ಬೇರೆ ಮದುವೆಯ ಪತ್ರಿಕೆ.

ಜಗತ್ತಿನ ಮೊದಲ ವೆಬ್‌ಸೈಟ್ 1991ರಲ್ಲಿ ಬಂತು. ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅದನ್ನು ಮಾಡಿದರು. ಆಗ ಪ್ರತಿ ಪುಟವನ್ನೂ ಎಚ್‌ಟಿಎಂಎಲ್ ಎಂಬ ಗುರುತುಭಾಷೆಯಲ್ಲಿ ಕೈಯಾರೆ ಬರೆಯಬೇಕಿತ್ತು. ನಲವತ್ತು ಪುಟದ ತಾಣದಲ್ಲಿ ಫೋನ್ ನಂಬರ್ ಬದಲಾದರೆ ನಲವತ್ತು ಕಡೆ ತಿದ್ದಬೇಕು. ಅದರಲ್ಲಿ ಎರಡು ಪುಟ ಮರೆತೇ ಹೋಗುತ್ತಿದ್ದವು!

ಸಿಎಂಎಸ್ ಮಾಡಿದ ಉಪಕಾರ ಇದೇ. ಮಾತನ್ನೂ ಚೌಕಟ್ಟನ್ನೂ ಅದು ಬೇರೆ ಬೇರೆ ಇಟ್ಟಿತು. ನೀವು ಬರೆದ ಮಾತೆಲ್ಲ ಡೇಟಾಬೇಸ್ ಎಂಬ ಕಡೆ ಕೂಡಿರುತ್ತದೆ. ಅಜ್ಜಂದಿರೇ, ಅದು ನಿಮ್ಮ ಕಾಲದ ಹಗೇವು ಇದ್ದ ಹಾಗೆ; ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚಿ, ಬೇಕಾದಾಗ ತೆಗೆಯುತ್ತಿದ್ದಿರಲ್ಲ, ಹಾಗೆ. ಹೊರಗೆ ಕಾಣುವ ಬಣ್ಣ, ಅಳತೆ, ಸಾಲು ಎಲ್ಲ ಥೀಮ್ ಎಂಬ ಚೌಕಟ್ಟಿನದು. ಥೀಮ್ ಬದಲಿಸಿದರೆ ಹಗೇವಿನ ಜೋಳಕ್ಕೆ ಏನೂ ಆಗುವುದಿಲ್ಲ. ಇನ್ನು ಪ್ಲಗಿನ್ ಎಂಬುದು. ನೊಗ ಒಂದೇ, ಹಿಂದೆ ರಂಟಿ ಹೂಡಿದರೆ ಉಳುಮೆ, ಕೂರಿಗಿ ಹೂಡಿದರೆ ಬಿತ್ತನೆ, ಕುಂಟಿ ಹೊಡೆದರೆ ಕಳೆ ತೆಗೆಯುವುದು. ಫೋಟೊ ಜೋಡಿಸಲು ಒಂದು ಪ್ಲಗಿನ್, ಹಾಡು ಕೇಳಿಸಲು ಒಂದು ಪ್ಲಗಿನ್, ಅಷ್ಟೇ ವ್ಯತ್ಯಾಸ.

ಹಾಗಾದರೆ ಯಾವುದನ್ನು ಆರಿಸುವುದು? ಪುಕ್ಕಟೆಯಾಗಿ ಸಿಗುವ, ಜಗತ್ತೆಲ್ಲ ಬಳಸುವ ಮೂರು ಹೆಸರು ಮುಖ್ಯವಾಗಿ ಎದುರಾಗುತ್ತವೆ: ವರ್ಡ್‌ಪ್ರೆಸ್, ಜೂಮ್ಲಾ, ದ್ರುಪಲ್. ಅಜ್ಜಿಯ ಪ್ರಶ್ನೆಗೆ ಉತ್ತರ ಇವುಗಳ ಹುಟ್ಟಿನ ಕಥೆಯಲ್ಲೇ ಇದೆ.

ಮೂರು ಹೆಸರು, ಮೂರು ಕಥೆ

ದ್ರುಪಲ್ ಹುಟ್ಟಿದ್ದು ಬೆಲ್ಜಿಯಂ ದೇಶದ ಆಂಟ್ವರ್ಪಿನಲ್ಲಿ, ವಿದ್ಯಾರ್ಥಿಗಳ ವಸತಿನಿಲಯದಲ್ಲಿ. 2000ದಲ್ಲಿ ಅಲ್ಲಿಯ ಗೆಳೆಯರು ಒಂದು ಇಂಟರ್ನೆಟ್ ಸಂಪರ್ಕವನ್ನು ಹಂಚಿಕೊಂಡಿದ್ದರು. ಊಟಕ್ಕೆ ಎಲ್ಲಿ ಸೇರೋಣ, ಸಂಪರ್ಕ ಕೆಟ್ಟಿದೆಯೇ ಎಂದು ಒಬ್ಬರಿಗೊಬ್ಬರು ತಿಳಿಸಲು ಡ್ರೀಸ್ ಬೈಟಾರ್ಟ್ ಎಂಬ ವಿದ್ಯಾರ್ಥಿ ಒಂದು ಸಣ್ಣ ಸೂಚನಾಫಲಕದಂಥ ತಾಣ ಮಾಡಿದ. ಓದು ಮುಗಿಸಿ ಹೊರಟಾಗ ಅದಕ್ಕೆ ಹೊರಗಿನ ಲೋಕದಲ್ಲಿ ಹೆಸರು ಬೇಕಾಯಿತು. ಡಚ್ ಭಾಷೆಯಲ್ಲಿ ‘ಡೋರ್ಪ್’ ಎಂದರೆ ಹಳ್ಳಿ. ಆ ಹೆಸರು ಸಿಗುತ್ತದೆಯೇ ಎಂದು ಹುಡುಕುವಾಗ ಅಕ್ಷರ ಹಿಂದುಮುಂದಾಗಿ ‘ಡ್ರಾಪ್’ ಎಂದು ಬಿತ್ತು. ಅದೇ ಚಂದ ಎನಿಸಿ ಉಳಿಸಿಕೊಂಡ. ಹನಿಗೆ ಡಚ್ ಭಾಷೆಯಲ್ಲಿ ‘ದ್ರುಪ್ಪೆಲ್’. ಅದರಿಂದ ದ್ರುಪಲ್. 2001ರ ಜನವರಿಯಲ್ಲಿ ಅವನು ತನ್ನ ಪ್ರೋಗ್ರಾಂ ಅನ್ನು ಎಲ್ಲರಿಗೂ ಬಿಟ್ಟುಕೊಟ್ಟ. ನೋಡಿ ಮಕ್ಕಳೇ, ಹಳ್ಳಿ ಎಂದು ಹೆಸರಿಡಲು ಹೋದದ್ದು ಹನಿಯಾಯಿತು, ಹನಿ ಹಳ್ಳವಾಯಿತು.

ವರ್ಡ್‌ಪ್ರೆಸ್ಸಿನದು ನಮ್ಮ ಸವಡಿಯ ಹಳೆಯ ತಾಣದ ಕಥೆಗೆ ಹತ್ತಿರ, ಮುಕ್ತಾಯ ಮಾತ್ರ ಬೇರೆ. ‘ಬಿ2’ ಎಂಬ ಸಾಧನವನ್ನು ಬಹಳ ಜನ ಬರೆಯಲು ಬಳಸುತ್ತಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವರು ಮಿಷೆಲ್ ವಾಲ್ದ್ರಿಗಿ. ಒಂದು ಹಂತದಲ್ಲಿ ಅವರ ಕೆಲಸ ನಿಂತಿತು, ಸುದ್ದಿಯೂ ಇಲ್ಲ. ಅಮೆರಿಕದಲ್ಲಿ ಓದುತ್ತಿದ್ದ ಹತ್ತೊಂಬತ್ತು ವರ್ಷದ ಮ್ಯಾಟ್ ಮುಲ್ಲೆನ್‌ವೆಗ್ 2003ರ ಜನವರಿಯಲ್ಲಿ ‘ಇದನ್ನು ನಾವೇ ಮುಂದುವರಿಸಬಹುದಲ್ಲ’ ಎಂಬರ್ಥದಲ್ಲಿ ಬರೆದ. ಇಂಗ್ಲೆಂಡಿನ ಮೈಕ್ ಲಿಟ್ಲ್ ‘ನಾನೂ ಕೈ ಜೋಡಿಸುತ್ತೇನೆ’ ಎಂದರು. 2003ರ ಮೇ 27ರಂದು ವರ್ಡ್‌ಪ್ರೆಸ್ ಹೊರಬಂತು. ಇಂದು ಜಗತ್ತಿನ ಹತ್ತು ವೆಬ್‌ಸೈಟುಗಳಲ್ಲಿ ನಾಲ್ಕು ಅದರ ಮೇಲೆ ನಡೆಯುತ್ತವೆ.

ಕಟ್ಟಿದವರು ಬಿಟ್ಟ ಮೇಲೂ ಅದು ಹೇಗೆ ಉಳಿಯಿತು? ಬಿ2ವಿನ ಪರವಾನಗಿ ಹಾಗಿತ್ತು. ಯಾರು ಬೇಕಾದರೂ ಬಳಸಬಹುದು, ಒಳಗೆ ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಇಂಥದ್ದಕ್ಕೆ ಮುಕ್ತ ತಂತ್ರಾಂಶ ಎನ್ನುತ್ತಾರೆ.

ಜೂಮ್ಲಾ 2005ರಲ್ಲಿ ಹುಟ್ಟಿತು. ಅದಕ್ಕೆ ಮುಂಚೆ ಮ್ಯಾಂಬೊ ಎಂಬ ಸಿಎಂಎಸ್ ಇತ್ತು. ಅದರ ಯಜಮಾನಿಕೆ ಯಾರದು ಎಂಬ ವಿಚಾರದಲ್ಲಿ ಅದನ್ನು ಬರೆಯುತ್ತಿದ್ದವರಿಗೂ ಕಂಪನಿಗೂ ಹೊಂದಿಕೆ ಆಗಲಿಲ್ಲ. ಬರೆಯುತ್ತಿದ್ದವರು ಒಟ್ಟಾಗಿ ಹೊರನಡೆದು, ಅದೇ ಮುಕ್ತ ಪರವಾನಗಿಯ ಬಲದಿಂದ ಹೊಸ ಹೆಸರಿನಲ್ಲಿ ಮುಂದುವರಿದರು. ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ‘ಜುಮ್ಲಾ’ ಎಂದರೆ ‘ಎಲ್ಲ ಕೂಡಿ’. ಅಜ್ಜಂದಿರಿಗೆ ಈ ಶಬ್ದ ಎಲ್ಲೋ ಕೇಳಿದಂತೆ ಅನಿಸಿರಬೇಕು. ನಮ್ಮ ಭಾಗದ ಹಳೆಯ ಲೆಕ್ಕದ ಕಾಗದಗಳಲ್ಲಿ ಒಟ್ಟು ಮೊತ್ತಕ್ಕೆ ‘ಜುಮಲಾ’ ಎಂದು ಬರೆಯುತ್ತಿದ್ದರಲ್ಲ, ಅದೇ! ಎರಡರ ಮೂಲವೂ ಅರಬ್ಬಿ.

ಮೂರು ಕಥೆಯಲ್ಲೂ ಒಂದು ಮಾತು ಸಮಾನ. ಒಬ್ಬರು ಬಿಟ್ಟರೂ, ಒಬ್ಬರೊಡನೆ ಕೆಟ್ಟರೂ, ಉಳಿದವರು ಎತ್ತಿಕೊಂಡು ನಡೆಯಲು ದಾರಿ ಇತ್ತು. ಇದನ್ನು ಗದಗ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗಿನ ವಿಚಾರವೂ ಇದೇ ಜಾತಿಯದು. ಸಂಘ ಯಾವ ಸಾಹುಕಾರನದೂ ಅಲ್ಲ, ಸದಸ್ಯರದು. ಒಬ್ಬ ಹೋದರೆ ಇನ್ನೊಬ್ಬ ಲೆಕ್ಕ ಬರೆಯುತ್ತಾನೆ.

ಪುಕ್ಕಟೆ ಎಂಬುದರಲ್ಲೂ ಎರಡು ಬಗೆ ಇದೆ ಎಂದು ಮಕ್ಕಳು ತಿಳಿದಿರಬೇಕು. ಒಂದು, ಸಾಮಾನೇ ನಮ್ಮ ಕೈಗೆ ಬರುವುದು. ಇನ್ನೊಂದು, ಬೇರೆಯವರ ಮನೆಯಲ್ಲಿ ಬಾಡಿಗೆ ಇಲ್ಲದೆ ಇರುವುದು. ಎರಡನೆಯದು ಸಲೀಸು, ಆದರೆ ಮನೆ ಖಾಲಿ ಮಾಡು ಎಂದರೆ ಮಾಡಲೇಬೇಕು. ಒಂದು ಕಾಲದಲ್ಲಿ ಜಗತ್ತಿನ ಎಷ್ಟೋ ಜನ ತಮ್ಮ ಮೊದಲ ವೆಬ್‌ಪುಟ ಮಾಡಿದ್ದು ಜಿಯೊಸಿಟೀಸ್ ಎಂಬ ಪುಕ್ಕಟೆ ಜಾಗದಲ್ಲಿ. 2009ರ ಅಕ್ಟೋಬರಿನಲ್ಲಿ ಯಾಹೂ ಅದನ್ನು ಅಮೆರಿಕದಲ್ಲಿ ಮುಚ್ಚಿತು. ನಿಮ್ಮ ಅಪ್ಪ-ಅಮ್ಮಂದಿರು ಕಾಲೇಜಿನಲ್ಲಿದ್ದಾಗ ಬಳಸಿದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಇಂಥ ಜಾಗ ಬಳಸಲೇಬಾರದು ಎಂದಲ್ಲ. ಬಳಸಿದರೆ ಪ್ರತಿ ತಿಂಗಳು ಒಂದು ಪ್ರತಿ ಮನೆಗೆ ತಂದಿಟ್ಟುಕೊಳ್ಳಿ.

ಕನ್ನಡದವರು ಏನು ಆರಿಸಿದರು?

ಕನ್ನಡದ ಎರಡು ದೊಡ್ಡ ತಾಣಗಳನ್ನು ನೋಡೋಣ. ಅವು ಬೇರೆ ಬೇರೆ ಅಡಿಪಾಯ ಆರಿಸಿಕೊಂಡವು, ಅದಕ್ಕೆ ಕಾರಣವೂ ಇದೆ.

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಅದರ ಕೆಳಗಿರುವುದು ಮೀಡಿಯಾವಿಕಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬೇಕು, ಯಾರು ಯಾವಾಗ ಏನು ತಿದ್ದಿದರು ಎಂಬ ಚರಿತ್ರೆ ಉಳಿಯಬೇಕು, ತಪ್ಪಾದರೆ ಹಿಂದಿನ ರೂಪಕ್ಕೆ ಮರಳಬೇಕು. ವಿಶ್ವಕೋಶಕ್ಕೆ ಬೇಕಾದದ್ದು ಇದು. ಇಂದು ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ.

ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ ‘ಸಂಪದ’ ದ್ರುಪಲ್ ಮೇಲೆ ನಡೆಯಿತು. ಅಲ್ಲಿ ನೂರಾರು ಜನ ತಮ್ಮ ತಮ್ಮ ಹೆಸರಿನಲ್ಲಿ ಕಥೆ, ಕವನ, ಲೇಖನ ಬರೆಯುತ್ತಿದ್ದರು. ಓದಿದವರು ಕೆಳಗೆ ಮಾತಾಡುತ್ತಿದ್ದರು. ಬಗೆಬಗೆಯ ಬರಹ, ಬಗೆಬಗೆಯ ಬಳಕೆದಾರರು ಇದ್ದಲ್ಲಿ ದ್ರುಪಲ್ ಗಟ್ಟಿ. ಆದರೆ ಅದನ್ನು ಒಳಗಿಂದ ಬಲ್ಲ ಒಬ್ಬರು ಸದಾ ಹತ್ತಿರ ಇರಬೇಕು. ‘ಸಂಪದ’ಕ್ಕೆ ಅಂಥವರಿದ್ದರು.

ದೊಡ್ಡವರೂ ಮನೆ ಬದಲಿಸುತ್ತಾರೆ ಎಂಬುದಕ್ಕೆ ಹೊರಗಿನ ಒಂದು ಉದಾಹರಣೆ. ಅಮೆರಿಕದ ಅಧ್ಯಕ್ಷರ ಶ್ವೇತಭವನದ ತಾಣ 2009ರಲ್ಲಿ ದ್ರುಪಲ್‌ಗೆ ಬಂತು, 2017ರಲ್ಲಿ ವರ್ಡ್‌ಪ್ರೆಸ್‌ಗೆ ಹೋಯಿತು. ಆದ್ದರಿಂದ ‘ಎಲ್ಲಕ್ಕಿಂತ ಒಳ್ಳೆಯದು ಯಾವುದು?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ನಮ್ಮ ಕೆಲಸಕ್ಕೆ, ನಮ್ಮ ಜನಕ್ಕೆ ಯಾವುದು?’ ಎಂದು ಕೇಳಬೇಕು.

ಸವಡಿಯ ಪರೀಕ್ಷೆ

ಆ ಪ್ರಶ್ನೆಗೆ ಉತ್ತರ ಹುಡುಕಲು ನಾವು ಒಂದು ಪರೀಕ್ಷೆ ಇಟ್ಟೆವು. ಈ ಸಿಎಂಎಸ್‌ಗಳನ್ನು ಇಂಟರ್ನೆಟ್ ಇಲ್ಲದೆಯೂ ಒಂದು ಕಂಪ್ಯೂಟರಿನಲ್ಲಿ ಹಾಕಿಕೊಂಡು ಅಭ್ಯಾಸ ಮಾಡಬಹುದು. ಖರ್ಚಿಲ್ಲ, ಕೆಟ್ಟರೆ ಅಳಿಸಿ ಮತ್ತೆ ಹಾಕಿದರಾಯಿತು. ಶಾಲೆಯ ಕಂಪ್ಯೂಟರಿನಲ್ಲಿ ನಾಲ್ಕನ್ನೂ ಹಾಕಿದೆವು. ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣವಳು ಎಂಟನೇ ಇಯತ್ತೆಯ ಹುಡುಗಿ. ಎಲ್ಲರಿಗಿಂತ ಹಿರಿಯರು ಅಂಚೆ ಹಂಚುತ್ತಿದ್ದು ನಿವೃತ್ತರಾದ ಒಬ್ಬ ಅಜ್ಜ. ಇಬ್ಬರೂ ಯಾರ ಸಹಾಯವಿಲ್ಲದೆ ಒಂದು ಪುಟ ಬರೆದು, ಒಂದು ಫೋಟೊ ಹಾಕಿ, ಮರುದಿನ ಬಂದು ಒಂದು ತಪ್ಪು ತಿದ್ದಬೇಕು. ಬುದ್ಧಿವಂತ ಎಂಜಿನಿಯರ್ ಹುಡುಗರನ್ನು ಬೇಕೆಂದೇ ಹೊರಗಿಟ್ಟೆವು. ತಾಣ ನಾಳೆ ನಡೆಯಬೇಕಾದದ್ದು ಅವರಿಲ್ಲದ ದಿನಗಳಲ್ಲಿ.

ಹುಡುಗಿ ನಾಲ್ಕರಲ್ಲೂ ಮಾಡಿ ಮುಗಿಸಿದಳು. ದ್ರುಪಲ್‌ನಲ್ಲಿ ಹಂತಿ ಪದಕ್ಕೆ ಒಂದು ನಮೂನೆ, ಫೋಟೊಕ್ಕೆ ಒಂದು ನಮೂನೆ ಎಂದು ಬೇರೆ ಬೇರೆ ಖಾನೆ ಮಾಡಬಹುದು ಎಂಬುದು ಅವಳಿಗೆ ಬಹಳ ಹಿಡಿಸಿತು. ಅಜ್ಜನಿಗೆ ಅದರ ಖಾನೆಗಳ ನಡುವೆ ದಾರಿ ತಪ್ಪಿತು. “ಇದು ದೊಡ್ಡ ಪೋಸ್ಟ್ ಆಫೀಸ್ ಆತು, ನಂದು ಬ್ರಾಂಚ್ ಆಫೀಸ್” ಎಂದರು. ಜೂಮ್ಲಾದಲ್ಲಿ ಪುಟ ಬರೆದರು, ಆದರೆ ಅದು ಮೆನುವಿನಲ್ಲಿ ಕಾಣಿಸಲು ಇನ್ನೊಂದು ಕಡೆ ಹೋಗಿ ಜೋಡಿಸಬೇಕೆಂಬುದು ಮರುದಿನ ನೆನಪಾಗಲಿಲ್ಲ. ಮೀಡಿಯಾವಿಕಿಯಲ್ಲಿ ಅಕ್ಷರ ದಪ್ಪ ಮಾಡಲು ಹಾಕಬೇಕಾದ ಗುರುತುಗಳು ಕಿರಿಕಿರಿ ಮಾಡಿದವು. ವರ್ಡ್‌ಪ್ರೆಸ್ಸಿನಲ್ಲಿ ತಲೆಬರಹ ಬರೆದರು, ಕೆಳಗೆ ನಾಲ್ಕು ಸಾಲು ಬರೆದರು, ಫೋಟೊ ಹಾಕಿದರು, ‘ಪ್ರಕಟಿಸು’ ಒತ್ತಿದರು. ಮರುದಿನ ತಾವೇ ಬಂದು ‘ತಾಲೂಕ’ ಎಂದಿದ್ದನ್ನು ‘ತಾಲ್ಲೂಕು’ ಎಂದು ತಿದ್ದಿದರು.

“ಅಜ್ಜಾರ, ನಿಮಗ ದ್ರುಪಲ್ ಕಲಿಸ್ತೀನಿ, ಅದೂ ಬರತೈತಿ” ಎಂದಳು ಹುಡುಗಿ.

“ನೀ ಕಲಸ್ತಿಯವ್ವಾ, ಖರೆ. ನೀ ಲಗ್ನಾಗಿಯೋ ನೌಕರಿಗೋ ಹ್ವಾದ ಮ್ಯಾಲ ನನಗ ಯಾರು ನೆನಪ ಮಾಡ್ತಾರ?” ಎಂದರು ಅಜ್ಜ.

ಅವಳು ನಕ್ಕಳು, ಆಮೇಲೆ ತಾನೇ ಕೈ ಎತ್ತಿ ವರ್ಡ್‌ಪ್ರೆಸ್ ಎಂದಳು. ನಮ್ಮ ಆಯ್ಕೆ ಆದದ್ದು ಹೀಗೆ. ನಿಮ್ಮ ಊರಿನಲ್ಲಿ ನಿತ್ಯ ಬರೆಯುವ ಇಪ್ಪತ್ತು ಜನ, ತಂತ್ರ ಬಲ್ಲ ಇಬ್ಬರು ಮಾಸ್ತರರು ಇದ್ದರೆ ಉತ್ತರ ಬೇರೆ ಬರಬಹುದು.

ವರ್ಡ್‌ಪ್ರೆಸ್ ಹೆಸರಿನಲ್ಲೇ ಎರಡು ದಾರಿ ಇವೆ, ಗೊಂದಲ ಬೇಡ. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಒಂದು ಕಂಪನಿ ನಡೆಸುವ ಸೇವೆ. ಅವರ ಜಾಗದಲ್ಲಿ ನಾವು ಇರುವುದು. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಿಂದ ತಂತ್ರಾಂಶ ಇಳಿಸಿಕೊಂಡರೆ ನಾವು ಬಾಡಿಗೆ ಹಿಡಿದ ಜಾಗದಲ್ಲಿ ನಾವೇ ಹಾಕಿಕೊಳ್ಳುವುದು. ತಂತ್ರಾಂಶ ಪುಕ್ಕಟೆಯಾದರೂ ವೆಬ್‌ಸೈಟಿನ ಹೆಸರು, ಅಂದರೆ ಡೊಮೇನ್, ಮತ್ತು ಜಾಗ, ಅಂದರೆ ಹೋಸ್ಟಿಂಗ್, ಇವೆರಡಕ್ಕೆ ವರ್ಷ ವರ್ಷ ಹಣ ಕಟ್ಟಬೇಕು. ಸಣ್ಣ ತಾಣಕ್ಕೆ ಎರಡೂ ಕೂಡಿ ವರ್ಷಕ್ಕೆ ಕೆಲವು ಸಾವಿರ ರೂಪಾಯಿ. ಮೊದಲ ವರ್ಷ ಕಡಿಮೆ ದರ ತೋರಿಸಿ ಮುಂದಿನ ವರ್ಷ ಏರಿಸುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ಎರಡನೆಯ ವರ್ಷದ ದರ ಕೇಳಿಯೇ ಒಪ್ಪಿಕೊಳ್ಳಿ.

ಕನ್ನಡ ಕೂಡುತ್ತದೆಯೇ?

ಅಜ್ಜಂದಿರ ಹತ್ತಿರ ಹತ್ತಿಪ್ಪತ್ತು ವರ್ಷದ ಹಿಂದೆ ಟೈಪ್ ಮಾಡಿಸಿದ ಕಡತಗಳಿರುತ್ತವೆ. ಊರಿನ ಇತಿಹಾಸ, ಜಾತ್ರೆಯ ಲೆಕ್ಕ, ಸನ್ಮಾನ ಪತ್ರ. ಅದನ್ನು ಹಾಗೇ ವೆಬ್‌ಸೈಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಬರೆದು ತೋರಿಸುತ್ತಿದ್ದವು. ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಆಗಿರಲಿಲ್ಲ. ಯೂನಿಕೋಡ್ ಬಂದ ಮೇಲೆ ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತೆಲ್ಲ ಒಪ್ಪಿದ ಒಂದು ಸಂಖ್ಯೆ ಸಿಕ್ಕಿತು. ಯೂನಿಕೋಡಿನಲ್ಲಿದ್ದರೆ ಮಾತ್ರ ಮೊಬೈಲಿನಲ್ಲಿ ಓದಲು ಬರುತ್ತದೆ, ಹುಡುಕಿದರೆ ಸಿಗುತ್ತದೆ. ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ಅಲ್ಲಲ್ಲಿ ತಪ್ಪುತ್ತದೆ.

ಸಿಎಂಎಸ್ ಆರಿಸುವಾಗಲೂ ಈ ಪರೀಕ್ಷೆ ಮಾಡಿ. ‘ರಾಷ್ಟ್ರಕೂಟ’, ‘ಲಕ್ಷ್ಮಿ’, ‘ಸ್ತ್ರೀ’ ಎಂದು ಬರೆದು ನೋಡಿ, ಆಮೇಲೆ ತಾಣದ ಒಳಗಿನ ಹುಡುಕುವ ಖಾನೆಯಲ್ಲಿ ಅದೇ ಪದ ಹಾಕಿ. ಸಿಗದಿದ್ದರೆ ಆ ಥೀಮ್ ಬೇಡ, ಆ ಪ್ಲಗಿನ್ ಬೇಡ. ಪುಟದ ವಿಳಾಸವನ್ನು ಮಾತ್ರ ಚಿಕ್ಕ ಇಂಗ್ಲಿಷ್ ಪದದಲ್ಲಿ ಇಡುವುದು ಅನುಕೂಲ. ಕನ್ನಡದಲ್ಲಿಟ್ಟರೆ ವಾಟ್ಸಾಪಿನಲ್ಲಿ ಕಳಿಸುವಾಗ ಎಷ್ಟೋ ಸಲ ಒಂದೊಂದು ಕನ್ನಡ ಚಿಹ್ನೆ ಒಂಬತ್ತು ಗುರುತುಗಳಾಗಿ, ವಿಳಾಸ ಮಾರುದ್ದ ಬೆಳೆಯುತ್ತದೆ.

ಊರಲ್ಲಿ ಹೆಚ್ಚಿನವರು ನೋಡುವುದು ಮೊಬೈಲಿನಲ್ಲಿ, ಅದೂ ಸಿಗ್ನಲ್ ಒಂದು ಕಡ್ಡಿ ಇರುವಾಗ. ಫೋಟೊಗಳನ್ನು ಚಿಕ್ಕದು ಮಾಡಿ ಹಾಕಿ, ದೊಡ್ಡ ಮೂಲಪ್ರತಿಯನ್ನು ಬೇರೆ ಕಡೆ ಜೋಪಾನ ಮಾಡಿ. ಯಾರ ಫೋಟೊ ಹಾಕಿದರೂ ಅವರನ್ನು ಅಥವಾ ಅವರ ಮನೆಯವರನ್ನು ಕೇಳಿ ಹಾಕಿ.

ಬೀಗದ ಕೈ

ಆಯ್ಕೆ ಮುಗಿದ ಮೇಲೆ ನಾವು ಒಂದು ರಿಜಿಸ್ಟರ್ ತಂದೆವು. ಕೆಂಪು ರಟ್ಟಿನ, ಅಂಗಡಿಯಲ್ಲಿ ಸಿಗುವ ಸಾದಾ ರಿಜಿಸ್ಟರ್. ಮೊದಲ ಪುಟದಲ್ಲಿ ಡೊಮೇನ್ ಎಲ್ಲಿ ಕೊಂಡದ್ದು, ಯಾವ ತಾರೀಖಿಗೆ ಮುಗಿಯುತ್ತದೆ, ಹೋಸ್ಟಿಂಗ್ ಯಾರದು, ಯಾವ ಇಮೇಲ್. ಈ ಇಮೇಲ್ ಯಾರ ಸ್ವಂತದ್ದೂ ಅಲ್ಲ, ತಾಣಕ್ಕೆಂದೇ ಮಾಡಿದ್ದು. ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿದ ಲಕೋಟೆಯಲ್ಲಿ, ಶಾಲೆಯ ಕಪಾಟಿನಲ್ಲಿ.

ಬೀಗದ ಕೈ ಮೂವರಿಗೆ: ಒಬ್ಬ ಮಾಸ್ತರರು, ನಿವೃತ್ತ ಅಂಚೆ ಅಜ್ಜ, ಒಬ್ಬ ವಿದ್ಯಾರ್ಥಿ. ಸಿಎಂಎಸ್‌ನಲ್ಲಿ ಎಲ್ಲರಿಗೂ ಒಂದೇ ಅಧಿಕಾರ ಕೊಡಬೇಕಿಲ್ಲ. ಬರೆಯುವವರು ಬರೆಯುತ್ತಾರೆ, ಸಂಪಾದಕರು ತಿದ್ದಿ ಪ್ರಕಟಿಸುತ್ತಾರೆ, ಪೂರ್ತಿ ಅಧಿಕಾರ ಈ ಮೂವರಿಗೆ ಮಾತ್ರ. ವಿದ್ಯಾರ್ಥಿ ಹತ್ತನೇ ಇಯತ್ತೆ ಮುಗಿಸಿ ಹೊರಡುವಾಗ ಎಂಟನೇ ಇಯತ್ತೆಯವರಿಗೆ ಕಲಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಹೋಗಬೇಕು. ಪ್ರತಿ ವರ್ಷ ಆಗಸ್ಟ್ 15ರಂದು ಧ್ವಜವಂದನೆ ಮುಗಿದ ಮೇಲೆ ಮೂರು ಕೆಲಸ: ಡೊಮೇನಿನ ಹಣ ಕಟ್ಟಿದೆಯೇ ನೋಡುವುದು, ಬೀಗದ ಕೈ ಯಾರ ಯಾರ ಹತ್ತಿರ ಇದೆ ಎಂದು ಓದಿ ಹೇಳುವುದು, ಬ್ಯಾಕಪ್ ತೆರೆದು ನೋಡುವುದು.

ಬ್ಯಾಕಪ್ ಎಂದರೆ ನಕಲು ಪ್ರತಿ. ವರ್ಡ್‌ಪ್ರೆಸ್ಸಿನಲ್ಲಿ ‘ರಫ್ತು’ ಎಂಬ ಗುಂಡಿ ಒತ್ತಿದರೆ ಬರಹವೆಲ್ಲ ಒಂದು ಕಡತವಾಗಿ ಬರುತ್ತದೆ. ಫೋಟೊ, ಧ್ವನಿಗಳ ಕೋಶವನ್ನು ಬೇರೆ ನಕಲು ಮಾಡಿಕೊಳ್ಳಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ನಮ್ಮಲ್ಲಿ ತಿಂಗಳಿಗೊಮ್ಮೆ ಎರಡು ಪ್ರತಿ. ಒಂದು ಶಾಲೆಯಲ್ಲಿ, ಇನ್ನೊಂದು ಬೇರೆ ಓಣಿಯ ಒಂದು ಮನೆಯಲ್ಲಿ. ಒಂದು ಮನೆ ಸೋರಿದರೆ ಇನ್ನೊಂದು ಉಳಿಯಲಿ ಎಂದು ಹೇಳಿದ್ದು ಅದೇ ಅಜ್ಜಿ. ಸಿಎಂಎಸ್ ‘ಹೊಸ ಆವೃತ್ತಿ ಬಂದಿದೆ’ ಎಂದು ತಿಳಿಸಿದರೆ ಬ್ಯಾಕಪ್ ತೆಗೆದು, ಕೂಡಲೇ ಹಾಕಿಕೊಳ್ಳಬೇಕು. ಹಳೆಯ ಆವೃತ್ತಿ ಮುರಿದ ಚಿಲಕವಿದ್ದ ಹಾಗೆ.

ಇನ್ನು ಮಾಸ್ತರರ ಫೋಟೊ. ಬೆಂಗಳೂರಿನ ಆ ಹುಡುಗನಿಗೆ ಸುದ್ದಿ ಮುಟ್ಟಿತು. ಅವನು ತನ್ನ ಹಳೆಯ ಪೆನ್‌ಡ್ರೈವುಗಳನ್ನೆಲ್ಲ ಹುಡುಕಿದ. ದೊಡ್ಡ ಪ್ರತಿ ಸಿಗಲಿಲ್ಲ. ಅಂಗೈ ಅಗಲದ, ಮುಖದ ಗುರುತು ಹತ್ತುವಷ್ಟು ಒಂದು ಸಣ್ಣ ಪ್ರತಿ ಸಿಕ್ಕಿತು. ಅದನ್ನು ಕಳಿಸಿ, ರಜೆಗೆ ಬಂದಾಗ ಅಜ್ಜಿಯ ಮನೆಗೆ ಹೋಗಿ ಕೂತು ಬಂದ. ಹೊಸ ತಾಣದ ಮೊದಲ ಪುಟದಲ್ಲಿ ಈಗ ಆ ಫೋಟೊ ಇದೆ. ಹಿನ್ನೆಲೆಯ ಬಣ್ಣ? ಕೊನೆಗೆ ಬಿಳಿ ಆಯಿತು, ಹಿರಿಯರ ಕಣ್ಣಿಗೆ ಓದಲು ಸುಲಭ ಎಂದು ಮಕ್ಕಳೇ ಒಪ್ಪಿದರು.

ಈ ವಾರದ ಕೆಲಸ

ಮಕ್ಕಳೇ, ಅಜ್ಜ ಅಥವಾ ಅಜ್ಜಿಯ ಪಕ್ಕ ಕೂತು ಒಂದು ಹಾಳೆಯಲ್ಲಿ ಈ ಐದು ಪ್ರಶ್ನೆಗೆ ಉತ್ತರ ಬರೆಯಿರಿ. ನಿಮ್ಮ ಮನೆಯ, ಓಣಿಯ, ಊರಿನ ಯಾವ ವಿಷಯ ಕೂಡಿಡಬೇಕು? ಅದನ್ನು ಬರೆಯುವವರು ಯಾರು, ತಿದ್ದುವವರು ಯಾರು? ಅವರಲ್ಲಿ ಕಂಪ್ಯೂಟರ್ ಕಡಿಮೆ ಬಲ್ಲವರಿಗೆ ಯಾವ ಸಿಎಂಎಸ್ ಸಲೀಸು? ವರ್ಷದ ಹಣ ಯಾರು ಕಟ್ಟುತ್ತೀರಿ? ಬೀಗದ ಕೈ ಯಾವ ಮೂವರ ಹತ್ತಿರ?

ಐದನೆಯದಕ್ಕೆ ಮೂರು ಹೆಸರು ಸಿಗುವ ತನಕ ಬಣ್ಣದ ಮಾತು ಎತ್ತಬೇಡಿ. ಹೆಸರು ಸಿಗುವುದರೊಳಗೆ ಅಜ್ಜಿಯ ಹತ್ತಿರ ಒಂದು ಸೋಬಾನ ಪದ ಹೇಳಿಸಿ, ಮೊಬೈಲಿನಲ್ಲಿ ಧ್ವನಿ ಹಿಡಿದು, ಎರಡು ಕಡೆ ಇಟ್ಟುಬಿಡಿ. ಅದಕ್ಕೆ ಯಾವ ಸಿಎಂಎಸ್ ಕೂಡ ಬೇಕಿಲ್ಲ.